ಕ್ಯಾರವಾನ್ ತರೋಕೆ ಹೋದ ದಿನ

ಕೋವಿಡ್ ಶುರುವಾದ ಮೇಲೆ, ಡ್ರೋಹೆಡಾ ಊರಿನ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ನನ್ನ ಹೆಂಡತಿ ಮನೆಯೊಳಗೆ ಬರೋಕೇ ಹೆದರ್ತಿದ್ದಳು. ಮಗಳಿಗೆ ಆಸ್ತಮಾ. ಅಂಗಳದಲ್ಲಿ ಹಳೇ ಕ್ಯಾರವಾನ್, ಅಂದ್ರೆ ಗಾಡಿಗೆ ಸಿಕ್ಕಿಸಿ ಎಳೆಯೋ ಚಕ್ರದ ಮನೆ, ನಿಲ್ಲಿಸಿದರೆ ಅವಳು ಅದರಲ್ಲಿ ಮಲಗಬಹುದು ಅಂತ, ಗೆಳೆಯನ ಪಿಕಪ್ ತಗೊಂಡು ಕ್ಯಾರವಾನ್ ಒಂದನ್ನು ಮಾರೋಕಿಟ್ಟಿದ್ದ ವಯಸ್ಸಾದ ರೈತರೊಬ್ಬರ ಮನೆಗೆ ಹೋದೆ. ವಾರದಿಂದ ನನಗೂ ಸರಿಯಾಗಿ ನಿದ್ದೆ ಇರಲಿಲ್ಲ.

ಆ ಮುದುಕರು ದೂರದಲ್ಲೇ ನಿಂತು, ಪಿಕಪ್ ಎಷ್ಟು ತೂಕ ಎಳೆಯಬಹುದು ಅಂತ ಅದರ ಬಾಗಿಲಲ್ಲಿದ್ದ ಪಟ್ಟಿ ಓದೋಕೆ ಹೇಳಿದರು. ಓದಿದೆ.

"ಕ್ಯಾರವಾನ್ ಇದಕ್ಕಿಂತ ಭಾರ. ಕೊಡಲ್ಲ."

"ಹೆಂಡತಿ ಕೋವಿಡ್ ವಾರ್ಡಲ್ಲಿ ನರ್ಸ್ ಸರ್. ನಿಧಾನಕ್ಕೆ ಎಳ್ಕೊಂಡು ಹೋಗ್ತೀನಿ."

"ಪಿಕಪ್ ಎಳೆಯುತ್ತೆ ಕಣಪ್ಪಾ. ಇಳಿಜಾರಲ್ಲಿ ಬ್ರೇಕ್ ಹಾಕಿದಾಗ ಹಿಂದಿನಿಂದ ಕ್ಯಾರವಾನೇ ನಿನ್ನನ್ನ ತಳ್ಳುತ್ತೆ. ಆಮೇಲೆ ಅವಳು ನಿನ್ನನ್ನೂ ನೋಡ್ಕೋಬೇಕು."

ಗೇಟಿನ ಹತ್ತಿರ ಕೂತುಬಿಟ್ಟೆ. ಕಣ್ಣಲ್ಲಿ ನೀರು ಬಂತು. ಅವರು ತಮ್ಮ ದೊಡ್ಡ ಜೀಪ್ ತಂದು ಅದಕ್ಕೆ ಕ್ಯಾರವಾನ್ ಸಿಕ್ಕಿಸಿದರು. ಖಾಲಿ ಪಿಕಪ್‌ನಲ್ಲಿ ನಾನು ಅವರ ಹಿಂದೆ ಹೊರಟೆ.

ಕ್ಯಾಸಲ್‌ನಾಕ್‌ನ ನಮ್ಮ ಅಂಗಳದಲ್ಲಿ ಅದನ್ನು ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಎಲ್ಲ ಸರಿಯಾಯ್ತು ಅನ್ನೋ ಹಾಗೆ "ಗ್ರ್ಯಾಂಡ್," ಅಂದು ಹೊರಟೇಹೋದರು. ಅವತ್ತು ಹೆಂಡತಿ ಹನ್ನೆರಡು ಗಂಟೆ ನಿದ್ದೆ ಮಾಡಿದಳು.

ಕ್ಯಾರವಾನ್ ಈಗಲೂ ಅಲ್ಲೇ ಇದೆ. ಪ್ರವಾಸ ಹೋಗೋಣ ಅಂತ ಮಗಳು ಪೀಡಿಸ್ತಾಳೆ. ಅದನ್ನ ಎಳೆಯೋ ಗಾಡಿ ಮಾತ್ರ ನಮ್ಮ ಹತ್ತಿರ ಇವತ್ತಿಗೂ ಇಲ್ಲ.