ಒಳಗೆ ಹೆಸರಿಡುವ ಕೆಲಸ

ಕಣ್ಣು ಮುಚ್ಚಿ ಧ್ಯಾನಕ್ಕೆ ಕುಳಿತವರನ್ನು ಮೊದಲು ಕಾಡುವುದು ಮೊಣಕಾಲು ಎಂದು ಎಲ್ಲರೂ ಹೇಳುತ್ತಾರೆ. ನನ್ನನ್ನು ಮೊದಲು ಕಾಡಿದ್ದು ವ್ಯಾಕರಣ. ಬಂಟ್ವಾಳದ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿಕೊಂಡಿದ್ದವನನ್ನು ಇನ್ನೇನು ಕಾಡೀತು ಎಂದು ನೀವು ನಗಬಹುದು. ಇನ್ನೊಂದೂ ಕಾಡುತ್ತಿತ್ತು. ನಾನು ಕುಳಿತದ್ದೇ ಅದಕ್ಕಾಗಿ.

ಎಪ್ಪತ್ತರ ದಶಕದ ಕೊನೆಯ ಒಂದು ಮಳೆಗಾಲದಲ್ಲಿ ನಮ್ಮ ಮಗಳು ಉಷಾ ತೀರಿಕೊಂಡಳು. ಆರನೆಯ ಕ್ಲಾಸಿನಲ್ಲಿದ್ದಳು. ನಮಗೆ ಒಬ್ಬಳೇ. ಜ್ವರ ಬಂತು, ಇಳಿಯಲಿಲ್ಲ, ಮಂಗಳೂರಿಗೆ ಕರೆದುಕೊಂಡು ಹೋದೆವು, ಮಿದುಳಿಗೆ ಏರಿದೆ ಎಂದರು. ಅಷ್ಟೇ ವಾಕ್ಯಗಳಲ್ಲಿ ಮುಗಿದುಹೋಯಿತು. ಯಾರ ತಪ್ಪೂ ಇರಲಿಲ್ಲ. ಇದ್ದಿದ್ದರೆ ಸಿಟ್ಟು ಮಾಡಲಿಕ್ಕಾದರೂ ಒಬ್ಬರು ಸಿಗುತ್ತಿದ್ದರು. ಮನೆಗೆ ಬಂದ ಮೇಲೆ ನಾನಾಗಲಿ ನನ್ನ ಹೆಂಡತಿ ಜಲಜ ಆಗಲಿ ಅವಳ ಹೆಸರೆತ್ತಲಿಲ್ಲ. ಕೂತು ಮಾತಾಡಿ ಮಾಡಿದ ತೀರ್ಮಾನವಲ್ಲ ಅದು. ಅವಳಿಗೆ ನೋವಾದೀತು ಎಂದು ನಾನು, ನನಗೆ ನೋವಾದೀತು ಎಂದು ಅವಳು. ಅಕ್ಕಿ ಮುಗಿದದ್ದು, ಸೀಮೆಎಣ್ಣೆ ಬಂದದ್ದು, ಕರೆಂಟು ಹೋದದ್ದು, ಮಾತಿಗೆ ಇವು ಸಾಕಾಗುತ್ತಿದ್ದವು. ವರ್ಷ ಕಳೆಯುವಷ್ಟರಲ್ಲಿ ಒಂದೇ ಮನೆಯಲ್ಲಿ ಬಾಡಿಗೆಗಿರುವ ಇಬ್ಬರು ಸಭ್ಯ ಮನುಷ್ಯರ ಹಾಗೆ ಆಗಿದ್ದೆವು.

ಮೂಡುಬಿದಿರೆಯಲ್ಲಿ ಒಬ್ಬರು ಧ್ಯಾನ ಹೇಳಿಕೊಡುತ್ತಾರಂತೆ ಎಂದು ಸುದ್ದಿ ತಂದವರು ನಮ್ಮ ಸ್ಟಾಫ್ ರೂಮಿನವರು. ಒಂದು ಆದಿತ್ಯವಾರ ಸಿದ್ಧಕಟ್ಟೆ ಮೇಲಾಗಿ ಹೋಗುವ ಬಸ್ಸು ಹತ್ತಿ ಹೋದೆ. ಬಸದಿ ಬೀದಿಯ ಹಿಂದೆ ಒಂದು ಸಣ್ಣ ಹಂಚಿನ ಮನೆ, ಅದರ ಜಗಲಿಯಲ್ಲಿ ಬನಿಯನ್ನು ಹಾಕಿಕೊಂಡು ಕುಳಿತ ಒಬ್ಬ ಮುದುಕರು. ಕೊಂಕಣಿ ಮನೆಮಾತಿನವರು. ಊರವರೆಲ್ಲ ಅವರನ್ನು ರಂಗೂನ್ ಮಾಮ ಎನ್ನುತ್ತಿದ್ದರು. ಪ್ರಾಯದಲ್ಲಿ ಬರ್ಮಾಕ್ಕೆ ಹೋಗಿ ರಂಗೂನಿನ ಒಂದು ಅಕ್ಕಿ ಮಿಲ್ಲಿನಲ್ಲಿ ಗುಮಾಸ್ತರಾಗಿದ್ದು, ಭಾರತದವರು ಅಲ್ಲಿಂದ ಹೊರಡಬೇಕಾಗಿ ಬಂದಾಗ ಒಬ್ಬರೇ ಊರಿಗೆ ಮರಳಿದ್ದರು. ಧ್ಯಾನ ಕಲಿತದ್ದು ಅಲ್ಲಿಯ ಒಬ್ಬ ಭಿಕ್ಷುವಿನಿಂದ. ಗಡ್ಡ ಇಲ್ಲ, ಕಾವಿ ಇಲ್ಲ, ಪ್ರವಚನವಂತೂ ಮೊದಲೇ ಇಲ್ಲ.

"ಹೊಟ್ಟೆ ಮೇಲೆ ಬಂತು, ಮನಸ್ಸಿನಲ್ಲೇ 'ಏರಿತು' ಅನ್ನಿ. ಕೆಳಗೆ ಹೋಯ್ತು, 'ಇಳಿಯಿತು' ಅನ್ನಿ. ಕಾಲು ನೋಯ್ತದೆ, 'ನೋವು'. ಏನೋ ನೆನಪಾಯ್ತು, 'ನೆನಪು'. ಹೆಸರು ಕೊಟ್ಟು ಬಿಟ್ಟುಬಿಡುವುದು. ಅದರ ಬೆನ್ನ ಹಿಂದೆ ಹೋಗ್ಲಿಕ್ಕೆ ಇಲ್ಲ. ಇಷ್ಟೇ ಮಾಸ್ಟ್ರೇ" ಎಂದರು.

ಇಷ್ಟೇ ಎಂದು ಅವರು ಹೇಳಿದ್ದರಲ್ಲಿ ನನ್ನ ಕಷ್ಟವೆಲ್ಲ ಶುರುವಾಯಿತು. ಏರಿತು, ಇಳಿಯಿತು ಎಂದುಕೊಂಡು ಕುಳಿತರೆ ಕಣ್ಣ ಮುಂದೆ ನಮ್ಮ ಬಿ.ಸಿ.ರೋಡಿನ ಬಸ್‌ಸ್ಟ್ಯಾಂಡು ಬರುತ್ತಿತ್ತು. ಫುಟ್‌ಬೋರ್ಡಿನಲ್ಲಿ ನೇತಾಡುವ ಕಂಡಕ್ಟರನಂತೆ ನಾನು ನನ್ನದೇ ಉಸಿರನ್ನು ಹತ್ತಿಸಿ ಇಳಿಸುತ್ತಿದ್ದೆ. ಮತ್ತೆ, 'ಏರಿತು' ಎನ್ನುವುದು ಭೂತಕಾಲ. ಆಗಿಹೋದದ್ದಕ್ಕೆ ಹೆಸರಿಟ್ಟರೆ ಈ ಕ್ಷಣದಲ್ಲಿ ಇದ್ದಂತಾಯಿತೆ? 'ಏರುತ್ತಿದೆ' ಎಂದರೆ ಶಬ್ದ ಮುಗಿಯುವಷ್ಟರಲ್ಲಿ ಹೊಟ್ಟೆ ಇಳಿದಿರುತ್ತಿತ್ತು. 'ಏರಿಕೆ' ಎಂದು ಭಾವನಾಮ ಮಾಡಿಕೊಂಡರೆ ಅಡಿಕೆ ಧಾರಣೆಯ ಸುದ್ದಿಯಂತೆ ಕೇಳಿಸುತ್ತಿತ್ತು. ಮರುವಾರ ಇದನ್ನೆಲ್ಲ ಮಾಮನ ಮುಂದಿಟ್ಟೆ. ಅವರು ಎಲೆಗೆ ಸುಣ್ಣ ಹಚ್ಚುತ್ತಾ ತಾಳ್ಮೆಯಿಂದ ಕೇಳಿದರು.

"ನಿಮಗೆ ಈಗ ಬರುವುದಕ್ಕೆ 'ವ್ಯಾಕರಣ, ವ್ಯಾಕರಣ' ಅಂತ ಹೆಸರು ಕೊಡಿ" ಎಂದರು.

ಆದರೆ ನನ್ನ ವ್ಯಾಕರಣದಿಂದ ಒಂದು ಒಳ್ಳೆಯ ಸಂಗತಿಯೂ ಹೊಳೆಯಿತು. ಮಕ್ಕಳಿಗೆ ಚತುರ್ಥೀ ವಿಭಕ್ತಿ ಕಲಿಸುವಾಗ ಎಷ್ಟೋ ಸಲ ಬರೆದಿದ್ದೇನೆ: ನನಗೆ ಹಸಿವಾಗುತ್ತದೆ, ನನಗೆ ಬೇಸರವಾಗುತ್ತದೆ, ನನಗೆ ನೆನಪಾಗುತ್ತದೆ. ಈ ಯಾವುದನ್ನೂ ನಾನು ಮಾಡುತ್ತಿಲ್ಲ. ಅವು ತಾವಾಗಿ ಬಂದು ನನಗೆ ಆಗುತ್ತವೆ. ಮನೆ ಹುಡುಕಿಕೊಂಡು ಬಂದ ನೆಂಟರ ಹಾಗೆ. ಹಸಿವಿನ ಮುಂದೆಯೂ ದುಃಖದ ಮುಂದೆಯೂ 'ನಾನು' ಎಂಬವನು ಕರ್ತೃವಾಗಲಾರ ಎಂಬುದನ್ನು ಕನ್ನಡ ಯಾವ ಭಿಕ್ಷುವಿನ ಸಹಾಯವೂ ಇಲ್ಲದೆ ಕಂಡುಕೊಂಡಿತ್ತು. ತುಳುವೂ ಅಷ್ಟೇ. ಬೋರ್ಡಿನ ಮೇಲೆ ಇದನ್ನು ಬರೆದು ಬರೆದು ಅಳಿಸಿದವನಿಗೆ ಮಾತ್ರ ಅದು ಗೊತ್ತಾಗಿರಲಿಲ್ಲ.

ತುಳುವಿನ ಮಾತು ಬಂತಲ್ಲ, ನಿಜವಾದ ಆಯ್ಕೆ ಇದ್ದದ್ದು ಅಲ್ಲಿ. ನಮ್ಮ ಮನೆಮಾತು ತುಳು. ಒಳಗೆ ಹೆಸರಿಡುವುದು ಯಾವ ಭಾಷೆಯಲ್ಲಿ? ತುಳುವಿನಲ್ಲಿ 'ನೆಂಪು' ಎಂದುಕೊಂಡ ಕೂಡಲೇ ಎದೆಯಲ್ಲಿ ಏನೋ ಕಳಚಿದಂತಾಗುತ್ತಿತ್ತು. ಉಷಾ ಆ ಶಬ್ದವನ್ನು ಹೇಳುತ್ತಿದ್ದ ಧ್ವನಿಯಲ್ಲೇ ಅದು ಕೇಳಿಸುತ್ತಿತ್ತು. "ನೆನಪು" ಎಂದು ಅಚ್ಚ ಕನ್ನಡದಲ್ಲಿ ಹೇಳಿದರೆ ಹಾಗಾಗುತ್ತಿರಲಿಲ್ಲ. ಅದು ಪಾಠದ ಕೊನೆಯಲ್ಲಿ ಅರ್ಥ ಬರೆಯಲಿಕ್ಕೆ ಕೊಟ್ಟ ಶಬ್ದದಂತೆ ತಣ್ಣಗಿತ್ತು. ನಾನು ಕನ್ನಡವನ್ನು ಆರಿಸಿಕೊಂಡೆ. ಅದರಲ್ಲೂ ಕ್ರಿಯಾಪದ ಬಿಟ್ಟು ಬರೀ ನಾಮಪದ. ಮಗಳು ಜಡೆ ಹಾಕಿಸಿಕೊಳ್ಳುತ್ತಾ ಕುಳಿತಂತೆ ಕಾಣುತ್ತಿತ್ತು, 'ನೆನಪು' ಎನ್ನುತ್ತಿದ್ದೆ. ಆಸ್ಪತ್ರೆಯ ಹಸಿರು ಬಾಗಿಲು ಬರುತ್ತಿತ್ತು, 'ನೆನಪು'. ಅಂಚೆ ಕಚೇರಿಯಲ್ಲಿ ಮೊಹರು ಒತ್ತುವಂತೆ ಒತ್ತಿ ಆಚೆಗೆ ತಳ್ಳುತ್ತಿದ್ದೆ. ಮನಸ್ಸು ಹಗುರಾಯಿತು ಎಂದುಕೊಂಡೆ. ಪ್ರಗತಿ ಎಂದರೆ ಇದೇ ಇರಬೇಕು ಎಂದೂ ಅಂದುಕೊಂಡೆ. ಬೆಳಿಗ್ಗೆ ಮನೆಯ ಚಾವಡಿಯ ಮೂಲೆಯಲ್ಲಿ ಮಣೆ ಹಾಕಿ ಕುಳಿತರೆ ಏಳುವ ಮನಸ್ಸೇ ಆಗುತ್ತಿರಲಿಲ್ಲ.

ಜಲಜ ಇದಕ್ಕೆ ಏನೂ ಹೇಳಲಿಲ್ಲ. ಏನೂ ಹೇಳದೆ ಇರುವುದು ಆಗ ನಮ್ಮ ಮನೆಯ ಪದ್ಧತಿ. ಒಂದು ಸಂಜೆ ಮಾತ್ರ, ಬಟ್ಟೆ ಮಡಚುತ್ತಾ, "ಕನ್ಯಾನಕ್ಕೆ ಹೋಗ್ತೇನೆ, ಅಣ್ಣನಲ್ಲಿಗೆ" ಎಂದಳು. (ಅವಳು ಹೇಳಿದ್ದು ತುಳುವಿನಲ್ಲಿ. ನಿಮಗಾಗಿ ಕನ್ನಡ ಮಾಡುತ್ತಿದ್ದೇನೆ.)

"ಯಾವಾಗ ಬರುವುದು?"

"ನೋಡುವ" ಎಂದಳು.

ನಮ್ಮ ಕಡೆ 'ನೋಡುವ' ಎಂಬ ಮಾತಿಗೆ ತುಂಬ ಅರ್ಥಗಳುಂಟು. ಇದರ ಅರ್ಥ ನನಗೆ ತಿಳಿಯಿತು. ಅವಳು ಮಡಚುತ್ತಿದ್ದ ಸೀರೆಗಳಲ್ಲಿ ದೀಪಾವಳಿಗೆ ಉಡುವಂಥದ್ದೂ ಇತ್ತು. ಆಗಿನ್ನೂ ಆಟಿ, ಅಂದರೆ ಆಷಾಢ, ಮಳೆ ಬಿಟ್ಟಿರಲಿಲ್ಲ. ಒಳಗೆ ಭಯವಾಯಿತು. ಆಗಲೂ 'ಭಯ' ಎಂದು ಹೆಸರಿಟ್ಟೆ. ಬೇಡ ಎಂದು ಹೇಳುವುದಕ್ಕಿಂತ ಅದು ಸುಲಭವಿತ್ತು.

ಮರುದಿನ ಬೆಳಿಗ್ಗೆ ಅವಳು ಹೊರಡುವುದೆಂದಾಗಿತ್ತು. ನಾನು ಎಂದಿನಂತೆ ಮಣೆಯ ಮೇಲೆ ಕುಳಿತಿದ್ದೆ. ಮನಸ್ಸಿನೊಳಗೆ ಹೇಳಿಕೊಳ್ಳಬೇಕಾದದ್ದು ಆ ದಿನ ಹೇಗೋ ಬಾಯಿಗೆ ಬಂದುಬಿಟ್ಟಿರಬೇಕು. ಚಹಾದ ಲೋಟ ನೆಲಕ್ಕಿಟ್ಟ ಸದ್ದು ಕೇಳಿತು. ಆಮೇಲೆ ಜಲಜಳ ಧ್ವನಿ.

"ಯಾವ ನೆನಪು?"

ಕಣ್ಣು ತೆರೆದೆ. ಅವಳು ಎದುರಿಗೇ ನಿಂತಿದ್ದಳು.

"ಏನು?"

"ನೆನಪು, ನೆನಪು ಅಂತ ಹೇಳ್ತಾ ಇದ್ದೀರಿ. ಯಾವ ನೆನಪು ಅಂತ ಕೇಳಿದೆ."

"ಅದನ್ನು ಹೇಳ್ಲಿಕ್ಕಿಲ್ಲ. ಹೆಸರು ಕೊಟ್ಟು ಬಿಡುವುದು ಅಷ್ಟೇ. ಮಾಮ ಹಾಗೆ ಹೇಳಿದ್ದು."

"ಮಾಮನಿಗೆ ಹೇಳ್ಬೇಡಿ. ನಾನು ಕೇಳಿದ್ದು" ಎಂದು ಅವಳು ನೆಲದ ಮೇಲೆ ಕುಳಿತಳು.

ನಾನು ಹೇಳಿದೆ. ಒಂದು ಎಪ್ರಿಲ್ ತಿಂಗಳ ಮಧ್ಯಾಹ್ನ ಪೊಳಲಿಗೆ ಹೋಗಲಿಕ್ಕೆ ನಾನೂ ಉಷಾಳೂ ಬಿ.ಸಿ.ರೋಡಿನಲ್ಲಿ ಬಸ್ಸಿಗೆ ಕಾಯುತ್ತಿದ್ದೆವು. ಅವಳ ಚಪ್ಪಲಿಯ ಬಾರು ಕಿತ್ತುಹೋಯಿತು. ಟಾರು ಕಾದಿತ್ತು. ಅವಳು ನನ್ನ ಎರಡು ಪಾದಗಳ ಮೇಲೆ ತನ್ನ ಪಾದಗಳನ್ನಿಟ್ಟು, ನನ್ನ ಹೊಟ್ಟೆಗೆ ಬೆನ್ನು ಒರಗಿಸಿ, ಬಸ್ಸು ಬರುವ ತನಕ ಹಾಗೇ ನಿಂತಿದ್ದಳು. "ಅಪ್ಪ, ಭಾರ ಆಗ್ತದಾ?" ಎಂದು ಕೇಳಿದಳು. ಇಲ್ಲ ಎಂದೆ. ಇಷ್ಟೇ ನೆನಪು. ದಿನಾ ಬರುತ್ತಿದ್ದದ್ದು ಇದೇ. ಧ್ಯಾನದ ಗುಂಗಿನಲ್ಲಿ ಅವಳೊಡನೆಯೂ ಕನ್ನಡದಲ್ಲೇ ಶುರುಮಾಡಿದ್ದೆ; ಹೇಳುತ್ತಾ ಯಾವಾಗ ತುಳುವಿಗೆ ಇಳಿದೆನೋ ಗೊತ್ತಾಗಲಿಲ್ಲ.

ಜಲಜ ಲೋಟವನ್ನು ಪಕ್ಕಕ್ಕೆ ಸರಿಸಿದಳು. ಚಹಾ ಆರಿತ್ತು.

"ನೀವು ಶಾಲೆಗೆ ಹೋದ ಮೇಲೆ ಅವಳು ನಿಮ್ಮ ಹಾಗೆ ಪಾಠ ಮಾಡ್ತಿದ್ದಳು, ಅವಳಿಗೆ ಮಾತ್ರ ರಜೆ ಇರುವಾಗ" ಎಂದಳು. "ನನ್ನನ್ನು ಅಡಿಗೆಮನೆಯ ಹೊಸ್ತಿಲಲ್ಲಿ ಕೂರಿಸಿ. ಕನ್ನಡಕ ಇಲ್ಲದಿದ್ದರೂ ಮೂಗಿನ ಮೇಲೆ ಎತ್ತಿ ಎತ್ತಿ ಇಡ್ತಿದ್ದಳು. 'ಉಂಟು' ಅಂದರೆ ಬೈತಿದ್ದಳು, 'ಇದೆ' ಅನ್ನಬೇಕಂತೆ."

"ನನಗೆ ಗೊತ್ತೇ ಇಲ್ಲ."

"ನಿಮಗೆ ಹೇಳ್ಬಾರ್ದು ಅಂತ ಆಣೆ ಹಾಕಿಸಿದ್ದಳು. ನೀವು ತಮಾಷೆ ಮಾಡ್ತೀರಿ ಅಂತ."

ನಕ್ಕೆವೋ ಅತ್ತೆವೋ, ಬಹುಶಃ ಎರಡೂ. ನಾನು ನೋಡದೆ ಇದ್ದ ಮಗಳೊಬ್ಬಳು ಆ ಬೆಳಿಗ್ಗೆ ನನಗೆ ಸಿಕ್ಕಿದಳು. ಅವಳು ಇಷ್ಟು ದಿನ ಜಲಜಳೊಬ್ಬಳ ಹತ್ತಿರವೇ ಇದ್ದಳು. ಎರಡು ಕೋಣೆಗಳಾಚೆ.

ಅದರಿಂದ ಎಲ್ಲ ಸರಿಹೋಯಿತು ಎಂದು ಬರೆದರೆ ಸುಳ್ಳಾದೀತು. ಜಲಜ ಹೋಗುವುದನ್ನು ಬಿಡಲಿಲ್ಲ. ಆ ದಿನದ ಬದಲು ಮರುದಿನ ಹೊರಟಳು. ಚೀಲ ಹಿಡಿದುಕೊಂಡು ನಾನು ಬಿ.ಸಿ.ರೋಡಿನ ತನಕ ಹೋದೆ. ವಿಟ್ಲದ ಮೇಲಾಗಿ ಕನ್ಯಾನಕ್ಕೆ ಹೋಗುವ ಬಸ್ಸಿಗೆ ಇನ್ನೂ ಹೊತ್ತಿತ್ತು. "ಎಲ್ಲಿ ನಿಂತಿದ್ದದ್ದು?" ಎಂದು ಕೇಳಿದಳು. ಸೋಡದ ಅಂಗಡಿಯ ಎದುರು ಜಾಗ ತೋರಿಸಿದೆ. ಅವಳು ಅಲ್ಲಿ ಹೋಗಿ ಕೊಡೆ ಹಿಡಿದು ಸ್ವಲ್ಪ ಹೊತ್ತು ನಿಂತಳು. ಬಸ್ಸುಗಳು ಕೆಸರು ಹಾರಿಸಿಕೊಂಡು ಹೋದವು. ದೀಪಾವಳಿಗೆ ಇನ್ನೂ ತುಂಬ ದಿನ ಇರುವಾಗಲೇ, ನಾನು ಕರೆಯುವ ಮೊದಲೇ, ತಾನಾಗಿ ಮರಳಿ ಬಂದಳು.

ಅವಳಿಲ್ಲದ ಆ ದಿನಗಳಲ್ಲಿ ಒಮ್ಮೆ ಮೂಡುಬಿದಿರೆಗೆ ಹೋಗಿ ಮಾಮನಿಗೆ ನಡೆದದ್ದನ್ನೆಲ್ಲ ಹೇಳಿದೆ. ಪದ್ಧತಿ ತಪ್ಪಿತಲ್ಲ ಎಂಬ ಅಳುಕೂ ಇತ್ತು.

"ಅದು ಧ್ಯಾನ ಅಲ್ಲ ಮಾಸ್ಟ್ರೇ, ಮಾತುಕತೆ" ಎಂದರು ಮಾಮ. ಎಲೆಯ ತೊಟ್ಟು ಮುರಿದು ಪಕ್ಕಕ್ಕಿಟ್ಟರು. ಎಲೆ ಕೈಯಲ್ಲೇ ಉಳಿಯಿತು. "ನನ್ನ ಹೆಂಡತಿ ರಂಗೂನಿನಲ್ಲೇ ಹೋದಳು, ಹೆರಿಗೆಯಲ್ಲಿ. ಮಗುವೂ ಉಳೀಲಿಲ್ಲ. ಆಮೇಲೆಯೇ ನಾನು ಆ ಭಿಕ್ಷುವಿನ ಹತ್ತಿರ ಹೋದದ್ದು. ಅಂದಿನಿಂದ ನಾನೂ ನೆನಪು, ನೆನಪು ಅಂತ ಹೇಳ್ತಾ ಬಂದಿದ್ದೇನೆ. ನನಗೆ ಅದರಿಂದ ಒಳ್ಳೆದಾಗಿದೆ, ಇಲ್ಲ ಅನ್ನುವುದಿಲ್ಲ. ಅದು ಇಲ್ಲದಿದ್ದರೆ ಹುಚ್ಚು ಹಿಡೀತಿತ್ತು. ಆದರೆ ಯಾವ ನೆನಪು ಅಂತ ಕೇಳುವವರು ನನಗೆ ಯಾರೂ ಇರಲಿಲ್ಲ ಮಾರಾಯ್ರೇ."

ಜಗಲಿಯಲ್ಲಿ ನಾವಿಬ್ಬರೇ ಇದ್ದೆವು. ಯಾವ ನೆನಪು ಎಂದು ನಾನು ಕೇಳಿದೆ.

ಅವರು ಶುರುಮಾಡಿದ್ದು ಅವಳ ಹೆಸರಿನಿಂದ. ರಾಧೆ. ರಂಗೂನಿನ ಬೀದಿಯಲ್ಲಿ ಮೀನು ಕೊಳೆಹಾಕಿ ಮಾಡುವ ವ್ಯಂಜನದ ವಾಸನೆಗೆ ಅವಳು ಮೂಗು ಮುಚ್ಚಿಕೊಂಡು ಓಡುತ್ತಿದ್ದದ್ದು, ಕೊನೆಗೆ ಅದನ್ನೇ ಇಷ್ಟಪಟ್ಟು ಕದ್ದು ತಿಂದು ಸಿಕ್ಕಿಬಿದ್ದದ್ದು. ಹೇಳುತ್ತಾ ಹೇಳುತ್ತಾ ಅವರ ಕನ್ನಡಕ್ಕೆ ಕೊಂಕಣಿ ಸೇರಿತು, ಕೊಂಕಣಿಗೆ ಬರ್ಮೀ ಸೇರಿತು. ಅರ್ಧ ನನಗೆ ಅರ್ಥವಾಗಲಿಲ್ಲ. ತಡೆದು ಕೇಳಲೂ ಇಲ್ಲ. ನನ್ನ ಬಸ್ಸು ಹಾರ್ನ್ ಹಾಕಿ ಹೋದದ್ದು ಇಬ್ಬರಿಗೂ ಕೇಳಿಸಿತು. ಅವರು ಮಾತು ನಿಲ್ಲಿಸಿ ನನ್ನ ಮುಖ ನೋಡಿದರು. ಇನ್ನೊಂದು ಬಸ್ಸು ಉಂಟು ಎಂದೆ.

ಮಾಮ ಈಗ ಇಲ್ಲ. ನಾನು ಈಗಲೂ ಬೆಳಿಗ್ಗೆ ಕುಳಿತುಕೊಳ್ಳುತ್ತೇನೆ. ಹೊಸಬರು ಯಾರಾದರೂ ಬಂದು, ನಾಮಪದ ಒಳ್ಳೆಯದೋ ಕ್ರಿಯಾಪದವೋ, ಒಂದು ಸಲ ಹೇಳಬೇಕೋ ಎರಡು ಸಲವೋ, ಯಾವ ಭಾಷೆಯಲ್ಲಿ ಎಂದೆಲ್ಲ ಕೇಳುತ್ತಾರೆ. ಹೇಗೆ ಸುಲಭವೋ ಹಾಗೆ ಮಾಡಿ ಎಂದು ಹೇಳುತ್ತೇನೆ. ತುಂಬ ಸುಲಭವಾಗಿಬಿಟ್ಟರೆ ಸ್ವಲ್ಪ ಅನುಮಾನಪಡಿ ಎಂದೂ ಸೇರಿಸುತ್ತೇನೆ. ಮತ್ತೆ, ಕುಳಿತುಕೊಳ್ಳುವ ಜಾಗವನ್ನು ಅಡಿಗೆಮನೆಯಿಂದ ಬಹಳ ದೂರ ಮಾಡಿಕೊಳ್ಳಬೇಡಿ ಎನ್ನುತ್ತೇನೆ. ಚಹಾದ ಸೌಕರ್ಯಕ್ಕೆ ಎಂದುಕೊಂಡು ಅವರು ನಗುತ್ತಾರೆ. ನಾನೂ ನಗುತ್ತೇನೆ.