ನಬೀಸಾಬರ ಎದೆಯ ಜೋಪಾನ

ಖಾಸಬಾಗದ ನಬೀಸಾಬರ ಮನೆತನದಲ್ಲಿ ಗಂಡಸರು ಐವತ್ತು ದಾಟಿದ್ದೇ ಇರಲಿಲ್ಲ. ಅಜ್ಜ ಹೋದದ್ದು ಎದೆ ಹಿಡಿದುಕೊಂಡು, ಅಪ್ಪನೂ ಹಾಗೇ, ಅಣ್ಣನಂತೂ ಊಟದ ತಟ್ಟೆಯ ಮುಂದೆಯೇ. ಇಂಥ ಮನೆಗೆ ಹೆಣ್ಣು ಕೊಡುವವರಾದರೂ ಯಾರು? ನೋಡಲು ಹೋದಾಗ ಖಾನಾಪುರದ ಕರೀಮುನ್ನಿಸಾಳ ತಂದೆ ಮುಖಕ್ಕೆ ಹೊಡೆದ ಹಾಗೆ ಹೇಳಿದರು: "ಹುಡುಗ ಚಲೋ ಅದಾನ, ಖರೇ. ಆದ್ರ ನನ್ನ ಮಗಳು ಸಣ್ಣ ವಯಸ್ಸಿನ್ಯಾಗ ಗಂಡನ್ನ ಕಳಕೊಳ್ಳೂದು ನನಗ ನೋಡಾಕ ಆಗೂದಿಲ್ಲ."

ಪರದೆಯ ಹಿಂದಿನಿಂದ ಹುಡುಗಿಯ ದನಿ ಬಂತು. "ಅವರ ಜ್ವಾಕಿ ನಾ ಮಾಡ್ತೀನಿ, ಅಬ್ಬಾ." ಎಂಥ ಗಟ್ಟಿಗಿತ್ತಿ ನೋಡಿ!

ಮಾತು ಕೊಟ್ಟಳು, ನಡೆಸಿಯೂ ನಡೆಸಿದಳು. ಗಂಡ ಆಟೋ ನಗರದಲ್ಲಿ ಊರವರ ಗಾಡಿಗಳನ್ನೆಲ್ಲ ರಿಪೇರಿ ಮಾಡುವವರು. ಆದರೆ ಅವಳು ತಮ್ಮ ಮನೆಯ ಮುಂದೆ ಒಂದು ಮೋಟರ್‌ಸೈಕಲ್ಲು ನಿಲ್ಲಿಸಗೊಡಲಿಲ್ಲ. ಸೈಕಲ್ಲು ತುಳಿದೇ ಹೋಗಬೇಕು, ತುಳಿದೇ ಬರಬೇಕು. ಬೀಡಿ ಬಂದ್. ಈದಿಗೆ ಖಾನಾಪುರಕ್ಕೆ ಹೋದರೂ ಬಿಟ್ಟವಳಲ್ಲ. ಗಂಡನ ತಟ್ಟೆಯಿಂದ ಮಾಂಸದ ಚರಬಿ ತುಂಡುಗಳನ್ನು ಎಲ್ಲರೆದುರೇ ಹೆಕ್ಕಿ ತನ್ನ ತಟ್ಟೆಗೆ ಹಾಕಿಕೊಳ್ಳುವಳು. ಚೆಲ್ಲಬಾರದಲ್ಲ, ತಾನೇ ತಿನ್ನುವಳು. ಅವಳ ತಮ್ಮಂದಿರು ಬಿದ್ದು ಬಿದ್ದು ನಗುವರು, ನಬೀಸಾಬರು ನಾಚಿ ತಲೆ ತಗ್ಗಿಸುವರು. ಆ ಪಂಕ್ತಿಯ ನಗು ನೆನಪಾದರೆ ಇಂದಿಗೂ ಅವರ ಜೀವ ತಂಪಾಗುತ್ತದೆ.

ಐವತ್ತು ದಾಟಿತು, ಅರವತ್ತೂ ದಾಟಿತು. ಎಪ್ಪತ್ತು ತುಂಬಿದಾಗ ಸಾಂಬ್ರಾದ ವಿಮಾನ ನಿಲ್ದಾಣದವರೆಗೆ ಸೈಕಲ್ಲು ಹೊಡೆದು ವಿಮಾನ ನೋಡಿ ಬಂದರು ಮಹಾರಾಯರು!

ಮೊನ್ನೆ ಬೆಳಗ್ಗೆ ಎದೆ ಹಿಡಿದುಕೊಂಡು ಕುಸಿದವಳು ಕರೀಮುನ್ನಿಸಾ. ಆಸ್ಪತ್ರೆಯಲ್ಲಿ ಅವಳನ್ನು ಒಳಗೆ ಒಯ್ದರು. ಹೊರಗೆ ಕೂತಿದ್ದ ನಬೀಸಾಬರ ಬಳಿಗೆ ಡಾಕ್ಟರ್ ಪೂರ್ಣಿಮಾ ಬಂದರು.

"ಮನೆತನದಾಗ ಯಾರಿಗರೆ ಹಾರ್ಟಿನ ತ್ರಾಸ ಇತ್ತೇನ್ರಿ?"

"ಇತ್ರೀ. ಅಜ್ಜಗ, ಅಪ್ಪಗ, ಅಣ್ಣಗ."

"ದಿನಾ ವ್ಯಾಯಾಮ?"

"ಸೈಕಲ್ ರೀ. ಒಂದಿನಾನೂ ತಪ್ಪಿಲ್ಲ."

"ಎಣ್ಣಿ, ಚರಬಿ?"

"ಮುಟ್ಟೂದಿಲ್ರಿ."

ಡಾಕ್ಟರು ಅವರ ಮುಖ ನೋಡಿದರು. "ಅಜ್ಜಾರ, ನಿಮ್ದು ಅಲ್ರಿ. ಅಮ್ಮಾರದು ಹೇಳ್ರಿ."

ಅವಳದು? ಅವಳ ತಂದೆ ತೊಂಬತ್ತರಲ್ಲೂ ಹೊಲಕ್ಕೆ ನಡೆದು ಹೋಗುತ್ತಿದ್ದ ಮನುಷ್ಯ; ಆ ಗಟ್ಟಿ ರಕ್ತ ಅವಳದು. ಅಂಥವಳನ್ನು ವರ್ಷಗಟ್ಟಲೆ ಒಲೆಯ ಮುಂದೆ ಕೂರಿಸಿದ್ದು ಯಾರು? ಅವಳಿಗೆ ದಮ್ಮು ಹತ್ತುತ್ತಿತ್ತೇ, ಎಂದಿನಿಂದ? ನಬೀಸಾಬರಿಗೆ ಒಂದೂ ತಿಳಿಯದು.

"ಗೊತ್ತಿಲ್ರಿ, ಡಾಕ್ಟರ್ ಬಾಯಾರ," ಎಂದರು. ದುಃಖ ಉಕ್ಕಿ ಬಂತು. "ಆಕಿನ್ನ ನಾ ಯಾವತ್ತೂ ಕೇಳೇ ಇಲ್ಲ."

"ಉಳದಾರ್ರಿ," ಎಂದರು ಡಾಕ್ಟರು. "ಎಚ್ಚರ ಆಗೇತಿ. ಒಳಗ ಹೋಗಿ ಕೇಳ್ರಿ."