ನಾಚಮ್ಮಕ್ಕ ಹಿಡಿದ ಕೊಲೆಗಾರರು

ನನ್ನ ಓರಗಿತ್ತಿ ನಾಚಮ್ಮಕ್ಕ ಟೀವಿಯ ಕೊಲೆಗಾರನನ್ನು ಒಂದು ಸಲವೂ ಸರಿಯಾಗಿ ಹಿಡಿದವಳಲ್ಲ. ಆದರೂ ತಮಿಳುನಾಡಿನ ಕಂಬಂನಿಂದ ಬತ್ತಲಗುಂಡುವರೆಗೆ ನಮ್ಮ ನೆಂಟರೆಲ್ಲ ಭಾನುವಾರ ಕಾಯುತ್ತಿದ್ದದ್ದು ಅವಳ ಮಾತಿಗೆ. ಮೊದಲ ಕಾಲುಗಂಟೆಯಲ್ಲೇ ಕೊಲೆಗಾರ ಯಾರೆಂದು ಹೇಳುತ್ತಿದ್ದವಳು ನಾನು. ನನ್ನನ್ನು ಕೇಳಿದವರಿಲ್ಲ.

ಅದು ಇಂಗ್ಲೆಂಡಿನ ಪತ್ತೇದಾರಿ ಧಾರಾವಾಹಿ, ತಮಿಳು ಮಾತು ಕೂಡಿಸಿದ್ದು. ಅಕ್ಕ ದ್ರಾಕ್ಷಿಯ ಬುಟ್ಟಿ ಮುಂದಿಟ್ಟುಕೊಂಡು ಟೀವಿಯೆದುರು ಕೂರುತ್ತಿದ್ದಳು. ಗೊಂಚಲಿನಲ್ಲಿ ಒಡೆದ ಹಣ್ಣನ್ನು ಕತ್ತರಿಯಿಂದ ತೆಗೆಯುತ್ತ, ಅನುಮಾನ ಬಂದವನ ಮುಖಕ್ಕೆ ಅದೇ ಕತ್ತರಿ ತೋರಿಸುವಳು. ಪಕ್ಕದಲ್ಲಿ ನನ್ನ ಅತ್ತೆ. ಇನ್ನೊಂದು ಪಕ್ಕದಲ್ಲಿ, ಅವಳ ತೊಡೆಗೆ ಒರಗಿಕೊಂಡು, ನನ್ನ ಮಗಳು ಸಿಂಧು. ಹೆತ್ತವಳು ನಾನು, ಒರಗಲು ತೊಡೆ ಅವಳದು.

ಒಂದು ಕಂತಿನಲ್ಲಿ ಹಳ್ಳಿಯ ಸಿರಿವಂತನ ಹೆಂಡತಿ ವಿಷದಿಂದ ಸತ್ತಳು. ಡಾಕ್ಟರ ಕೆಲಸ ಅಂತ ನಾನು ಆಗಲೇ ಹೇಳಿದೆ. ಹೆಣ ಮಣ್ಣಿಗಿಡುವಾಗ ಅವಳ ಅಣ್ಣ ಕರಿ ಕೋಟು ತೊಟ್ಟು ಬಂದ, ಸುಮ್ಮನೆ ನಿಂತ, ಹೋದ. ಅಕ್ಕನ ಕತ್ತರಿ ಮೇಲೆದ್ದಿತು.

"ಇವನೇ! ತಂಗಿ ಸತ್ತವ್ಳೆ, ಕೋಡಿ ತರ್ದೆ ಬರೀ ಕೈ ಬೀಸ್ಕಂಡು ಬಂದವ್ನೆ!"

ಸತ್ತ ಹೆಣ್ಣಿಗೆ ತವರಿನವರು ಕೋಡಿ, ಎಂದರೆ ಹೊಸ ಸೀರೆ, ಹೊದಿಸದೆ ನಮ್ಮಲ್ಲಿ ಹೆಣ ಏಳುವುದಿಲ್ಲ. "ಅಕ್ಕಾ, ಅವರಲ್ಲಿ ಅದೆಲ್ಲ ಇಲ್ಲ" ಅಂದೆ.

"ಎಲ್ಲಿದ್ರೂ ಅಣ್ಣ ಅಣ್ಣನೇ ತಾನೆ, ತಂಗೀ? ಮೊರೆ ಕಟ್ಟಳೆ ಗೊತ್ತಿಲ್ದೋನು ಯಾವ ಪಾಪಕ್ಕೂ ಅಂಜಾಕಿಲ್ಲ."

ಕೊನೆಗೆ ಸಿಕ್ಕಿಬಿದ್ದವನು ಡಾಕ್ಟರೇ. ಎಲ್ಲರೂ ನನ್ನ ಕಡೆ ತಿರುಗುತ್ತಾರೆಂದು ಕಾದೆ. ಅಕ್ಕ ಫೋನಿಗೆ ಬಾಯಿಟ್ಟು ಕುಟುಂಬದ ವಾಟ್ಸಾಪ್ ಗುಂಪಿಗೆ ಹೇಳುತ್ತಿದ್ದಳು: "ಕೊಂದೋನು ಡಾಕ್ಟ್ರಾಗ್ಲಿ, ಸಾಯ್ಸಿದೋನು ಅಣ್ಣ. ಕತೆ ಬರ್ದು ಪಡ ತೆಗ್ದೋನ್ಗೆ ಅಟ್ಟೂ ತಿಳೀಲಿಲ್ಲ." ಸಿಂಧು ಚಪ್ಪಾಳೆ ತಟ್ಟಿದಳು. ಆ ಧ್ವನಿಯನ್ನು ಬೋಡಿಯಲ್ಲಿರುವ ಚಿಕ್ಕಪ್ಪ ಊರೆಲ್ಲ ಕೇಳಿಸಿದರಂತೆ. ಕಥೆಯ ಒಳಗುಟ್ಟನ್ನು ಬಿಡಿಸಿ ನಾನು ಬರೆದು ಹಾಕಿದ್ದಕ್ಕೆ ಬಂದದ್ದು ಒಂದೇ ಹೆಬ್ಬೆರಳು, ಅದೂ ನನ್ನ ಗಂಡನದು.

ಹೊಟ್ಟೆ ಉರಿಯಿತು. ಮಹಡಿಯ ನಮ್ಮ ಪಾಲಿಗೆ ದೊಡ್ಡ ಟೀವಿ ತರಿಸಿದೆ. ಸಿಂಧು ಒಂದು ಭಾನುವಾರ ನನ್ನ ಜೊತೆ ಕೂತು ನೋಡಿದಳು. ಮುಂದಿನ ವಾರ ಕೆಳಗಿಳಿದಳು. "ನೀನು ಮೊದ್ಲೇ ಹೇಳ್ಬಿಡ್ತೀಯಮ್ಮ, ಆಮೇಲೆ ಮಾತಾಡೋಕೆ ಏನಿರುತ್ತೆ?" ದೊಡ್ಡ ಟೀವಿಯ ಮುಂದೆ ಒಬ್ಬಳೇ ಕೂತಿದ್ದಾಗ ಮೆಟ್ಟಿಲ ಬುಡದಿಂದ ಅಕ್ಕನ ಕೂಗು: "ಏ ತಂಗೀ, ಇಳ್ದು ಬಾ. ನೀನಿಲ್ದೆ ನಾ ಯಾರ್ ಮೇಲೆ ಜಗಳ ಆಡ್ಲಿ?" ಇಳಿದು ಹೋದೆ. ಕರೆದಳೆಂಬ ಸಂತೋಷವೂ ಇತ್ತು, ಕರೆಯುವ ದೊಡ್ಡತನವೂ ಅವಳದೇ ಆಯಿತಲ್ಲ ಎಂಬ ಕಿಚ್ಚೂ ಇತ್ತು.

ಕಳೆದ ಮಾಸಿ ತಿಂಗಳಲ್ಲಿ, ಶಿವರಾತ್ರಿಯ ಹೊತ್ತಿಗೆ, ಅಕ್ಕನಿಗೆ ಜ್ವರ ಬಂತು. ತೇನಿಯ ಆಸ್ಪತ್ರೆಗೆ ಸೇರಿಸಿದೆವು, ತಿರುಗಿ ಬರಲಿಲ್ಲ. ಸಿಂಧು ಆಗಲೇ ದಿಂಡಿಗಲ್ಲಿನ ಹಾಸ್ಟೆಲಿನಲ್ಲಿದ್ದಳು. ಗುಂಪಿನಲ್ಲಿ ಧಾರಾವಾಹಿಯ ಸುದ್ದಿ ಯಾರೂ ಎತ್ತಲಿಲ್ಲ.

ಹೋದ ಭಾನುವಾರ ಹೊಸ ಕಂತು ಬಂತು. ಅರ್ಧದಲ್ಲಿ ಸಿಂಧುವಿನ ಫೋನ್. "ಅಮ್ಮಾ, ನೋಡ್ತಿದೀಯಾ? ಯಾರು ಕೊಂದಿರ್ಬಹುದು?"

ವರ್ಷಗಟ್ಟಲೆ ನಾನು ಕಾದಿದ್ದ ಪ್ರಶ್ನೆ. ಕೊಂದವನು ವಕೀಲ ಎಂದು ನನಗೆ ಗೊತ್ತಾಗಿತ್ತು. ಹೇಳಿದರೆ ಮಾತು ಅಲ್ಲಿಗೇ ಮುಗಿಯುತ್ತದೆ. ಅದಕ್ಕೇ, "ಅಣ್ಣನೇ ಇರಬೇಕು ಕಣೆ. ತಂಗಿ ಮನೆಗೆ ಬಂದವನು ಒಂದು ತೊಟ್ಟು ನೀರೂ ಕುಡಿಯದೆ ಹೋದ, ನೋಡಲಿಲ್ವಾ?" ಅಂದೆ.

ಸಿಂಧು ಒಪ್ಪಲಿಲ್ಲ.

"ದೊಡ್ಡಮ್ಮ ಆಗಿದ್ರೆ ಹಂಗಂತಿರ್ಲಿಲ್ಲ. ಬಂದ ಅಣ್ಣಂಗೆ ಆ ಮನೆಯವ್ರು ಕೂರು ಅಂತಾನೂ ಅನ್ನಲಿಲ್ಲ, ಅವ್ನು ಹೆಂಗ್ ನೀರು ಕುಡೀತಾನೆ ಅಂತಿದ್ಲು."

ಆಮೇಲೆ ಅವಳು ಅಳುವುದು ಕೇಳಿಸಿತು. ನನಗಾಗಿ ಇವಳು ಹೀಗೆ ಅತ್ತಾಳೇ ಎಂದು ಆಗಲೂ ನನ್ನ ಹೊಟ್ಟೆ ಉರಿಯಿತು. ಉರಿಯುತ್ತಲೇ ನಾನೂ ಅತ್ತೆ. ಇಬ್ಬರೂ ಫೋನ್ ಇಡಲಿಲ್ಲ. ಟೀವಿಯಲ್ಲಿ ವಕೀಲನನ್ನು ಹಿಡಿದುಕೊಂಡು ಹೋದರು.